ಶೇರ್‌ಪಾಯಿಂಟ್ ಲೈಬ್ರರಿ: ಆಫೀಸಿನ ಫೈಲುಗಳನ್ನು ಎಲ್ಲರೂ ಸೇರಿ ಸರಿಯಾಗಿ ಬಳಸುವುದು ಹೇಗೆ?

ಪೀಣ್ಯದ ಒಂದು ಸಣ್ಣ ಮಶೀನ್ ಶಾಪ್ ಅಂದುಕೊಳ್ಳಿ. ಪಾರ್ಟಿಯಿಂದ, ಅಂದರೆ ಆರ್ಡರ್ ಕೊಟ್ಟವರಿಂದ, ಡ್ರಾಯಿಂಗ್ ಬರುತ್ತದೆ. ಡಿಸೈನ್ ನೋಡಿಕೊಳ್ಳುವವರು ಅದನ್ನು ತಮ್ಮ ಕಂಪ್ಯೂಟರಿಗೆ ಇಳಿಸಿಕೊಳ್ಳುತ್ತಾರೆ. ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡುತ್ತಾರೆ, ವೆಂಡರ್‌ಗೆ ಮೇಲ್ ಮಾಡುತ್ತಾರೆ. ನಾಲ್ಕು ದಿನ ಬಿಟ್ಟು ಪಾರ್ಟಿಯವರು ಒಂದು ಅಳತೆ ಬದಲಿಸುತ್ತಾರೆ. ಈಗ ಹಳೇ ಡ್ರಾಯಿಂಗ್ ಎಷ್ಟು ಜನರ ಹತ್ತಿರ ಉಳಿದಿದೆ? ಯಾರಿಗೂ ಗೊತ್ತಿಲ್ಲ. ಆಪರೇಟರ್ ಹಳೇ ಅಳತೆಗೇ ಜಾಬ್ ಕಟ್ ಮಾಡಿದರೆ ಮೆಟೀರಿಯಲ್ ಹೋಯಿತು, ಮಶೀನ್ ಟೈಮ್ ಹೋಯಿತು. ಬೈಗುಳ ಬೀಳುವುದು ಅವನಿಗೇ. ಪಾಪ, ಅವನ ಕೈಗೆ ಬಂದ ಡ್ರಾಯಿಂಗೇ ಹಳೆಯದು.

ಇಂಥ ಎಷ್ಟೋ ಆಫೀಸುಗಳಲ್ಲಿ ಮೈಕ್ರೋಸಾಫ್ಟ್ 365ಕ್ಕೆ ತಿಂಗಳು ತಿಂಗಳು ದುಡ್ಡು ಕಟ್ಟುತ್ತಿರುತ್ತಾರೆ. ಬಿಸಿನೆಸ್ ಬೇಸಿಕ್ ಪ್ಲಾನ್ ಇದ್ದರೂ ಸಾಕು, ಅದರ ಜೊತೆ ಶೇರ್‌ಪಾಯಿಂಟ್ ಬರುತ್ತದೆ. ಅಂದರೆ ಆಫೀಸಿನ ಫೈಲುಗಳನ್ನು ಇಂಟರ್‌ನೆಟ್‌ನಲ್ಲಿ ಒಂದೇ ಕಡೆ ಇಟ್ಟು ಎಲ್ಲರೂ ಬಳಸುವ ಜಾಗ. ಆದರೆ ಬಳಸುವುದು ಮೇಲ್ ಮತ್ತು ಚಾಟ್, ಮೀಟಿಂಗ್ ಮಾಡುವ ಟೀಮ್ಸ್ ಮಾತ್ರ. ದುಡ್ಡು ಕೊಟ್ಟು ತೆಗೆದುಕೊಂಡ ಲೈಬ್ರರಿ ಖಾಲಿ ಬಿದ್ದಿರುತ್ತದೆ.

ಅದನ್ನು ಮೊದಲಿನಿಂದ ಹೇಗೆ ಜೋಡಿಸುವುದು ಅಂತ ಇಲ್ಲಿ ಹೇಳುತ್ತೇನೆ. ಮೇಲಿನ ಮಶೀನ್ ಶಾಪನ್ನೇ ಉದಾಹರಣೆಯಾಗಿ ಇಟ್ಟುಕೊಂಡಿದ್ದೇನೆ. ನಿಮ್ಮದು ಶಾಲೆಯೋ ಟ್ರಸ್ಟೋ ಆಡಿಟರ್ ಕಚೇರಿಯೋ ಆಗಿದ್ದರೂ ಕೆಲಸ ಹೆಚ್ಚು ಕಡಿಮೆ ಇದೇ. ಎಲ್ಲ ಹಂತಗಳ ಹಿಂದೆ ಇರುವುದು ಒಂದೇ ನಿಯಮ: ಒಂದು ಫೈಲಿಗೆ ಒಂದೇ ಜಾಗ. ಬೇರೆಯವರಿಗೆ ಕೊಡಬೇಕಾದ್ದು ಆ ಜಾಗದ ಲಿಂಕ್, ಫೈಲಿನ ನಕಲಲ್ಲ.

ಹಂತ 1: ಈಗ ಫೈಲುಗಳು ಎಲ್ಲಿವೆ ಅಂತ ತಿಳಿದುಕೊಳ್ಳಿ

ಮೈಕ್ರೋಸಾಫ್ಟ್ 365ರಲ್ಲಿ ಫೈಲ್ ಇಡುವ ಜಾಗಗಳು ಮೂರು ಇದ್ದ ಹಾಗೆ ಕಾಣುತ್ತದೆ: ಒನ್‌ಡ್ರೈವ್, ಟೀಮ್ಸ್, ಶೇರ್‌ಪಾಯಿಂಟ್. ನಿಜವಾಗಿ ಇರುವುದು ಎರಡೇ. ಟೀಮ್ಸ್ ಚಾನೆಲ್‌ನ ಫೈಲ್ಸ್ ಟ್ಯಾಬ್‌ನಲ್ಲಿ ಹಾಕಿದ್ದೆಲ್ಲ ಆ ಟೀಮ್‌ನ ಶೇರ್‌ಪಾಯಿಂಟ್ ಸೈಟಿಗೇ (ಲೈಬ್ರರಿಗಳೆಲ್ಲ ಇರುವ ವೆಬ್ ಪುಟಗಳ ಗುಂಪಿಗೆ) ಹೋಗುತ್ತದೆ. ಅಲ್ಲಿ 'ಡಾಕ್ಯುಮೆಂಟ್ಸ್' ಎಂಬ ಲೈಬ್ರರಿಯೊಳಗೆ ಚಾನೆಲ್‌ಗೊಂದು ಫೋಲ್ಡರ್ ಇರುತ್ತದೆ. ನೋಡಬೇಕೆಂದರೆ ಫೈಲ್ಸ್ ಟ್ಯಾಬ್‌ನ ಮೂರು ಚುಕ್ಕಿ ಒತ್ತಿ, 'ಓಪನ್ ಇನ್ ಶೇರ್‌ಪಾಯಿಂಟ್' ಆರಿಸಿ. ಪ್ರೈವೇಟ್ ಮತ್ತು ಶೇರ್ಡ್ ಚಾನೆಲ್‌ಗಳಿಗೆ ಮಾತ್ರ ಬೇರೆಯೇ ಸೈಟ್ ಇರುತ್ತದೆ. ಅದನ್ನು ನೆನಪಿಟ್ಟುಕೊಳ್ಳಿ, ಇಲ್ಲದಿದ್ದರೆ ಮುಂದೆ ಹುಡುಕಾಟ ಜಾಸ್ತಿಯಾಗುತ್ತದೆ.

ಒನ್‌ಡ್ರೈವ್ ಒಬ್ಬೊಬ್ಬರ ಸ್ವಂತದ್ದು. ಟೀಮ್ಸ್‌ನಲ್ಲಿ ಇಬ್ಬರೇ ಚಾಟ್ ಮಾಡುವಾಗ ಕಳಿಸಿದ ಫೈಲ್ ಕೂಡ ಕಳಿಸಿದವರ ಒನ್‌ಡ್ರೈವ್‌ನಲ್ಲೇ ಕೂರುತ್ತದೆ. ಇದರಲ್ಲಿ ಒಂದು ಅಪಾಯ ಇದೆ. ಒಬ್ಬರು ಕೆಲಸ ಬಿಟ್ಟು ಹೋಗಿ ಅವರ ಅಕೌಂಟ್ ತೆಗೆದುಹಾಕಿದರೆ, ಬೇರೆ ಸೆಟ್ಟಿಂಗ್ ಮಾಡಿರದಿದ್ದಲ್ಲಿ ಅವರ ಒನ್‌ಡ್ರೈವ್ ಉಳಿಯುವುದು 30 ದಿನ ಮಾತ್ರ. ಅಷ್ಟರಲ್ಲಿ ಯಾರೂ ಗಮನಿಸದಿದ್ದರೆ ಅವರು ಮಾಡಿಟ್ಟ ಕೊಟೇಶನ್, ಕಾಸ್ಟಿಂಗ್ ಶೀಟ್ ಎಲ್ಲ ಹೋದಂತೆ. ಆದ್ದರಿಂದ ಕಚ್ಚಾ ಟಿಪ್ಪಣಿ ಒನ್‌ಡ್ರೈವ್‌ನಲ್ಲಿರಲಿ. ಇನ್ನೊಬ್ಬರು ಒಮ್ಮೆಯಾದರೂ ತೆರೆಯಬೇಕಾದ ಫೈಲ್ ಯಾವುದೇ ಇರಲಿ, ಅದು ಶೇರ್‌ಪಾಯಿಂಟ್ ಲೈಬ್ರರಿಗೆ ಬರಲಿ.

ಹಂತ 2: ಯಾರು ಏನು ನೋಡಬೇಕು ಎಂಬುದರ ಮೇಲೆ ಲೈಬ್ರರಿ ಬೇರೆ ಮಾಡಿ

ಮೊದಲು ಕಾಗದ ತೆಗೆದುಕೊಂಡು ಬರೆಯಿರಿ. ಡ್ರಾಯಿಂಗ್ ಯಾರ್ಯಾರು ನೋಡಬೇಕು? ಎಲ್ಲರೂ. ಕೊಟೇಶನ್? ಮಾಲೀಕರು ಮತ್ತು ಸೇಲ್ಸ್‌ನವರು. ಸಂಬಳದ ಶೀಟ್? ಮಾಲೀಕರು ಮತ್ತು ಅಕೌಂಟ್ಸ್ ಮಾತ್ರ. ಹೀಗೆ ಮೂರು ಗುಂಪು ಬಂತಲ್ವಾ? ಹಾಗಾದರೆ ಮೂರು ಲೈಬ್ರರಿ ಮಾಡಿ. ಒಂದೇ ಲೈಬ್ರರಿಯಲ್ಲಿ ಎಲ್ಲ ಹಾಕಿ, ಈ ಫೋಲ್ಡರ್ ಇವರಿಗೆ ಬೇಡ, ಆ ಫೈಲ್ ಅವರಿಗೆ ಬೇಡ ಅಂತ ಒಂದೊಂದಕ್ಕೇ ಬೀಗ ಹಾಕುತ್ತಾ ಹೋದರೆ ಆರು ತಿಂಗಳಲ್ಲಿ ಯಾವ ಬೀಗ ಎಲ್ಲಿದೆ ಅಂತ ಹಾಕಿದವರಿಗೇ ನೆನಪಿರುವುದಿಲ್ಲ.

ಸೈಟಿನ ಮುಖಪುಟದಲ್ಲಿ 'ನ್ಯೂ' ಒತ್ತಿ 'ಡಾಕ್ಯುಮೆಂಟ್ ಲೈಬ್ರರಿ' ಆರಿಸಿದರೆ ಹೊಸ ಲೈಬ್ರರಿ ಸಿದ್ಧ. ಹೆಸರು ಚಿಕ್ಕದಾಗಿರಲಿ. ಸೈಟಿನಲ್ಲಿ ಮೂರು ಗುಂಪು ಮೊದಲೇ ಇರುತ್ತವೆ. ಓನರ್ಸ್‌ಗೆ ಪೂರ್ತಿ ಅಧಿಕಾರ, ಮೆಂಬರ್ಸ್‌ಗೆ ತಿದ್ದುವ ಅಧಿಕಾರ, ವಿಸಿಟರ್ಸ್‌ಗೆ ಓದುವ ಅಧಿಕಾರ. ಹೊಸ ಲೈಬ್ರರಿ ಸೈಟಿನ ಇದೇ ವ್ಯವಸ್ಥೆಯನ್ನು ತೆಗೆದುಕೊಳ್ಳುತ್ತದೆ.

ಕೊಟೇಶನ್ ಮತ್ತು ಸಂಬಳದ ಲೈಬ್ರರಿಗಳಿಗೆ ಅದನ್ನು ಕತ್ತರಿಸಬೇಕು. ಮೇಲಿನ ಗೇರ್ ಚಿತ್ರ ಒತ್ತಿ, 'ಲೈಬ್ರರಿ ಸೆಟ್ಟಿಂಗ್ಸ್', ಅಲ್ಲಿಂದ 'ಮೋರ್ ಲೈಬ್ರರಿ ಸೆಟ್ಟಿಂಗ್ಸ್', ಆಮೇಲೆ 'ಪರ್ಮಿಶನ್ಸ್ ಫಾರ್ ದಿಸ್ ಡಾಕ್ಯುಮೆಂಟ್ ಲೈಬ್ರರಿ'ಗೆ ಹೋಗಿ. 'ಸ್ಟಾಪ್ ಇನ್ಹೆರಿಟಿಂಗ್ ಪರ್ಮಿಶನ್ಸ್' ಒತ್ತಿ, ಬೇಡದ ಗುಂಪುಗಳನ್ನು ತೆಗೆಯಿರಿ. ಈ ಕೆಲಸವನ್ನು ಖಾಲಿ ಲೈಬ್ರರಿಯಲ್ಲೇ ಮುಗಿಸಿ. ಆಮೇಲೆ ಓದುವ ಅಧಿಕಾರ ಇಲ್ಲದ ಒಬ್ಬರನ್ನು ಕರೆದು, ಅವರ ಲಾಗಿನ್‌ನಲ್ಲಿ ತೆರೆದು ನೋಡಲು ಹೇಳಿ. ಕಾಣದಿದ್ದರೆ ಸರಿ. ಸಂಬಳದ ವಿವರ ಆಮೇಲೆ ಹಾಕಿ. ಒಮ್ಮೆ ಎಲ್ಲರಿಗೂ ಕಂಡುಬಿಟ್ಟ ಸಂಬಳದ ಪಟ್ಟಿಯನ್ನು ಮತ್ತೆ ಮುಚ್ಚಿಡಲು ಯಾವ ಬಟನ್ನೂ ಇಲ್ಲ.

ಡ್ರಾಯಿಂಗ್ ನೋಡಲು ಶಾಪ್ ಫ್ಲೋರ್‌ನವರನ್ನು ಸೈಟಿನ ವಿಸಿಟರ್ಸ್ ಗುಂಪಿಗೆ ಸೇರಿಸಿದರೆ ಸಾಕು. ಇದು ಅವರ ಮೇಲಿನ ಅಪನಂಬಿಕೆ ಅಲ್ಲ. ಟ್ಯಾಬ್ಲೆಟ್‌ನಲ್ಲಿ ಕೈಗವಸು ಹಾಕಿಕೊಂಡು ಡ್ರಾಯಿಂಗ್ ನೋಡುವಾಗ ಬೆರಳು ತಪ್ಪಿ ಏನಾದರೂ ಅಳಿಸಿಹೋಗುವ ಭಯ ಅವರಿಗೂ ಬೇಡ.

ಹಂತ 3: ಫೋಲ್ಡರ್ ಮತ್ತು ಹೆಸರು

ಫೋಲ್ಡರ್ ಎರಡು ಹಂತ ಸಾಕು. ಹೆಚ್ಚೆಂದರೆ ಮೂರು. ನಮ್ಮಲ್ಲಿ ಲೆಕ್ಕ ನಡೆಯುವುದು ಏಪ್ರಿಲ್‌ನಿಂದ ಮಾರ್ಚ್‌ವರೆಗೆ. ಹಾಗಾಗಿ ಅಕೌಂಟ್ಸ್ ಲೈಬ್ರರಿಯಲ್ಲಿ ಮೇಲಿನ ಫೋಲ್ಡರ್ 2025-26, 2026-27 ಅಂತ ಆರ್ಥಿಕ ವರ್ಷದ ಪ್ರಕಾರ ಇರಲಿ. ಅದರೊಳಗೆ ಖರೀದಿ, ಮಾರಾಟ, ಬ್ಯಾಂಕ್. ಡ್ರಾಯಿಂಗ್ ಲೈಬ್ರರಿಗೆ ವರ್ಷದ ಲೆಕ್ಕ ಹೊಂದುವುದಿಲ್ಲ. ಅದೇ ಪಾರ್ಟ್ ಮೂರು ವರ್ಷ ಓಡಬಹುದು. ಅಲ್ಲಿ ಪಾರ್ಟಿಯ ಹೆಸರಿನ ಫೋಲ್ಡರ್ ಮಾಡಿ.

ಹೆಸರಿನಲ್ಲಿ ಬಳಸಬಾರದ ಚಿಹ್ನೆಗಳು ಕೆಲವಿವೆ: " * : < > ? / \ |. ಇದರಲ್ಲಿ ನಮ್ಮವರಿಗೆ ತೊಂದರೆ ಕೊಡುವುದು ಓರೆ ಗೆರೆ (/). ಜಿಎಸ್‌ಟಿ ನಿಯಮದಲ್ಲಿ ಬಿಲ್ ನಂಬರ್ 16 ಅಕ್ಷರ ಮೀರಬಾರದು, ಅದರಲ್ಲಿ ಅಡ್ಡ ಗೆರೆಯೂ ಓರೆ ಗೆರೆಯೂ ಇರಬಹುದು. ಹಾಗಾಗಿ ಎಷ್ಟೋ ಕಡೆ ಬಿಲ್ ನಂಬರ್ 25-26/014 ಅಂತ ಇರುತ್ತದೆ. ಅದೇ ನಂಬರ್ ಫೈಲಿನ ಹೆಸರಾಗಿ ಹಾಕಲು ಹೋದರೆ ಆಗುವುದಿಲ್ಲ. 25-26-014 ಅಂತ ಬರೆಯಿರಿ. ಇನ್ನೂ ಬಿಲ್ ಸೀರೀಸ್ ಶುರು ಮಾಡದವರು ಏಪ್ರಿಲ್ 1ರಿಂದ ಬಿಲ್ ನಂಬರಿನಲ್ಲೇ ಓರೆ ಗೆರೆ ಬಿಟ್ಟುಬಿಡಿ. ಬಿಲ್ಲಿನಲ್ಲಿ ಒಂದು, ಫೈಲಿನಲ್ಲಿ ಒಂದು ಅನ್ನುವ ಗೊಂದಲವೇ ಇರುವುದಿಲ್ಲ.

ತಾರೀಖು ಬರೆಯುವಾಗ ವರ್ಷ ಮೊದಲು ಬರಲಿ: 2026-01-15. ಹೀಗೆ ಬರೆದರೆ ಹೆಸರಿನ ಕ್ರಮವೇ ತಾರೀಖಿನ ಕ್ರಮ ಆಗುತ್ತದೆ. 15-01-2026 ಅಂತ ಬರೆದರೆ ಎಲ್ಲ ತಿಂಗಳ 15ನೇ ತಾರೀಖುಗಳು ಒಂದೇ ಕಡೆ ಬಂದು ಕೂರುತ್ತವೆ.

ಫೈಲಿನ ಹೆಸರು ಕನ್ನಡದಲ್ಲಿ ಇಡಬಹುದಾ? ಧಾರಾಳವಾಗಿ ಇಡಬಹುದು. ಶೇರ್‌ಪಾಯಿಂಟ್‌ಗೆ ಯೂನಿಕೋಡ್ ಕನ್ನಡ (ಯಾವ ಕಂಪ್ಯೂಟರ್, ಫೋನಿನಲ್ಲೂ ಕನ್ನಡವಾಗೇ ಕಾಣುವ ಅಕ್ಷರ) ತೊಂದರೆಯಿಲ್ಲದೆ ಅರ್ಥವಾಗುತ್ತದೆ, ಹುಡುಕಿದರೂ ಸಿಗುತ್ತದೆ. ಫೈಲಿನ ವಿಳಾಸವನ್ನು ಬ್ರೌಸರ್‌ನ ಮೇಲಿನ ಪಟ್ಟಿಯಿಂದ ನಕಲು ಮಾಡಿದರೆ ಮಾತ್ರ ಕನ್ನಡ ಅಕ್ಷರಗಳು ಶೇಕಡಾ ಚಿಹ್ನೆ, ಅಂಕಿಗಳ ಉದ್ದನೆಯ ಸಾಲಾಗಿ ಕಾಣುತ್ತವೆ. ಅದರಿಂದ ಗಾಬರಿ ಬೇಡ. ವಿಳಾಸದಲ್ಲಿ ಸೈಟಿನ ಹೆಸರು, ಫೋಲ್ಡರ್‌ಗಳು ಮತ್ತು ಫೈಲಿನ ಹೆಸರು ಎಲ್ಲ ಸೇರಿ 400 ಅಕ್ಷರ ದಾಟಬಾರದು. ಫೋಲ್ಡರ್ ಒಳಗೆ ಫೋಲ್ಡರ್ ಮಾಡುತ್ತಾ ಹೋದವರಿಗೆ ಈ ಮಿತಿ ಒಂದು ದಿನ ಎದುರಾಗುತ್ತದೆ.

ಆದರೆ ಒಂದು ತೀರ್ಮಾನ ಮೊದಲೇ ಮಾಡಿ. ಪಾರ್ಟಿ ಹೆಸರನ್ನು ಒಬ್ಬರು ಕನ್ನಡದಲ್ಲಿ, ಇನ್ನೊಬ್ಬರು ಇಂಗ್ಲಿಷಿನಲ್ಲಿ, ಮತ್ತೊಬ್ಬರು ಚುಟುಕಾಗಿ ಬರೆದರೆ ಹುಡುಕುವಾಗ ಅರ್ಧ ಫೈಲುಗಳು ಸಿಗುವುದಿಲ್ಲ. ಪಾರ್ಟಿಗಳ ಹೆಸರಿನ ಒಂದು ಪಟ್ಟಿ ಮಾಡಿ, ಎಲ್ಲರೂ ಅದನ್ನೇ ಬಳಸಲಿ.

ಹಂತ 4: ಎರಡು ಮೂರು ಕಾಲಂ ಸೇರಿಸಿ

ಶೇರ್‌ಪಾಯಿಂಟ್ ಲೈಬ್ರರಿ ಬರೀ ಫೋಲ್ಡರ್ ಅಲ್ಲ, ಅದು ಒಂದು ಪಟ್ಟಿಯೂ ಹೌದು. ಜನ ಇದನ್ನು ಬಳಸದೇ ಬಿಡುವುದು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. 'ಆ್ಯಡ್ ಕಾಲಂ' ಒತ್ತಿ, 'ಚಾಯ್ಸ್' ಆರಿಸಿ, 'ಸ್ಥಿತಿ' ಅಂತ ಹೆಸರು ಕೊಡಿ. ಅದರಲ್ಲಿ ಮೂರು ಆಯ್ಕೆ ಇರಲಿ: ಪರಿಶೀಲನೆಯಲ್ಲಿದೆ, ಒಪ್ಪಿಗೆಯಾಗಿದೆ, ಹಳೆಯದು. ಇನ್ನೊಂದು ಕಾಲಂ 'ರಿವಿಷನ್', ಅಂದರೆ ಡ್ರಾಯಿಂಗ್ ಎಷ್ಟನೇ ಸಲ ತಿದ್ದಿದ್ದು ಅಂತ. ಅಷ್ಟು ಸಾಕು.

ಈಗ 'ಸ್ಥಿತಿ' ಕಾಲಂ ಮೇಲೆ ಫಿಲ್ಟರ್ ಹಾಕಿ, ಒಪ್ಪಿಗೆಯಾದದ್ದನ್ನು ಮಾತ್ರ ತೋರಿಸುವಂತೆ ಮಾಡಿ. ಬಲಗಡೆ ಮೇಲೆ ವ್ಯೂ ಮೆನು ಇರುತ್ತದೆ. ವ್ಯೂ ಅಂದರೆ ಪಟ್ಟಿಯನ್ನು ತೋರಿಸುವ ಒಂದು ರೀತಿ. ಅಲ್ಲಿ 'ಸೇವ್ ವ್ಯೂ ಆ್ಯಸ್' ಒತ್ತಿ 'ಶಾಪ್ ಫ್ಲೋರ್' ಅಂತ ಹೆಸರಿಡಿ. ಆಪರೇಟರ್ ಟ್ಯಾಬ್ಲೆಟ್‌ನಲ್ಲಿ ಆ ವ್ಯೂ ತೆರೆದರೆ ಅವನಿಗೆ ಹಳೇ ಡ್ರಾಯಿಂಗ್ ಕಾಣುವುದೇ ಇಲ್ಲ. ಮೊದಲು ಹೇಳಿದ ಮೆಟೀರಿಯಲ್ ನಷ್ಟ ತಪ್ಪುವುದು ಇಲ್ಲೇ.

ಕಾಲಂ ತುಂಬುವುದು ದೊಡ್ಡ ಕೆಲಸ ಅಂತ ಅನಿಸಿದರೆ ಎರಡು ದಾರಿ ಇವೆ. 'ಎಡಿಟ್ ಇನ್ ಗ್ರಿಡ್ ವ್ಯೂ' ಒತ್ತಿದರೆ ಲೈಬ್ರರಿ ಎಕ್ಸೆಲ್ ಶೀಟಿನ ಹಾಗೆ ತೆರೆದುಕೊಳ್ಳುತ್ತದೆ, ಒಂದರಿಂದ ಕಾಪಿ ಮಾಡಿ ಉಳಿದವುಗಳಿಗೆ ಪೇಸ್ಟ್ ಮಾಡಬಹುದು. ಇನ್ನೊಂದು, ಲೈಬ್ರರಿ ಸೆಟ್ಟಿಂಗ್ಸ್‌ನಲ್ಲಿ 'ಕಾಲಂ ಡಿಫಾಲ್ಟ್ ವ್ಯಾಲ್ಯೂ ಸೆಟ್ಟಿಂಗ್ಸ್'. ಒಂದು ಫೋಲ್ಡರಿಗೆ ಹಾಕುವ ಫೈಲುಗಳಿಗೆಲ್ಲ ಪಾರ್ಟಿ ಹೆಸರು ತಾನಾಗೇ ಬೀಳುವಂತೆ ಅಲ್ಲಿ ಮಾಡಬಹುದು.

ಹತ್ತು ಕಾಲಂ ಮಾಡಬೇಡಿ. ಯಾರೂ ತುಂಬುವುದಿಲ್ಲ.

ಫೈಲುಗಳು ಜಾಸ್ತಿಯಾದ ಮೇಲೆ ಒಂದೇ ವ್ಯೂನಲ್ಲಿ 5,000ಕ್ಕಿಂತ ಹೆಚ್ಚು ಬಂದರೆ ಫಿಲ್ಟರ್, ಸಾರ್ಟ್ ಕೈಕೊಡಲು ಶುರುವಾಗುತ್ತವೆ. ಲೈಬ್ರರಿಯಲ್ಲಿ ಲಕ್ಷಗಟ್ಟಲೆ ಫೈಲ್ ಇಡಬಹುದು, ತೊಂದರೆ ಒಂದೇ ಸಲ ತೋರಿಸುವುದರಲ್ಲಿ. ವರ್ಷದ ಫೋಲ್ಡರ್ ಮಾಡಿದ್ದರೆ ಸಣ್ಣ ಆಫೀಸಿಗೆ ಈ ಚಿಂತೆ ಬರುವುದಿಲ್ಲ.

ಹಂತ 5: ಹಳೇ ಫೈಲುಗಳನ್ನು ತರುವುದು

ಕಂಪ್ಯೂಟರಿನಿಂದ ಎಳೆದು ಬ್ರೌಸರ್‌ನಲ್ಲಿ ಬಿಟ್ಟರೆ ಅಪ್‌ಲೋಡ್ ಆಗುತ್ತದೆ. ಒನ್‌ಡ್ರೈವ್‌ನಿಂದ ತರುವಾಗ 'ಮೂವ್ ಟು' ಬಳಸಿ, 'ಕಾಪಿ ಟು' ಬೇಡ. ಮೂವ್ ಮಾಡಿದರೆ ಹಿಂದಿನ ವರ್ಷನ್‌ಗಳೂ (ತಿದ್ದುವ ಮೊದಲಿನ ಫೈಲಿನ ರೂಪಗಳು) ಜೊತೆಗೆ ಬರುತ್ತವೆ. ಕಾಪಿ ಮಾಡಿದರೆ ಕೊನೆಯದು ಮಾತ್ರ ಬರುತ್ತದೆ, ಮೇಲಾಗಿ ಹಳೇ ಜಾಗದಲ್ಲಿ ಇನ್ನೊಂದು ಪ್ರತಿ ಉಳಿದು ಮತ್ತೆ ಅದೇ ಗೊಂದಲ.

ಹಳೇ ಹಾರ್ಡ್ ಡಿಸ್ಕ್‌ನಲ್ಲಿ ಇರುವುದನ್ನೆಲ್ಲ ಸುಮ್ನೆ ಸುರಿಯಬೇಡಿ. ಈ ವರ್ಷದ್ದು ಮತ್ತು ಈಗ ಓಡುತ್ತಿರುವ ಜಾಬ್‌ಗಳದ್ದು ಮೊದಲು ತನ್ನಿ. ಉಳಿದದ್ದು ಬೇಕಾದಾಗ ಬರಲಿ.

ಕನ್ನಡದ ಹಳೇ ಪತ್ರಗಳಿದ್ದರೆ ಒಂದು ಮಾತು. ನುಡಿ, ಬರಹ ತಂತ್ರಾಂಶಗಳಲ್ಲಿ ಯೂನಿಕೋಡ್ ಅಲ್ಲದ ಫಾಂಟ್ ಬಳಸಿ ಟೈಪ್ ಮಾಡಿದ ಫೈಲುಗಳು ಎಷ್ಟೋ ಕಚೇರಿಗಳಲ್ಲಿವೆ. ಪರದೆಯ ಮೇಲೆ ಕನ್ನಡ ಕಂಡರೂ ಒಳಗಡೆ ಇರುವುದು ಇಂಗ್ಲಿಷ್ ಅಕ್ಷರ, ಚಿಹ್ನೆಗಳು. ಆ ಫಾಂಟ್ ಇಲ್ಲದ ಕಡೆ ತೆರೆದರೆ ಅರ್ಥವಿಲ್ಲದ ಸಾಲುಗಳು ಕಾಣುತ್ತವೆ. ಲೈಬ್ರರಿಯಲ್ಲಿ 'ಒಪ್ಪಂದ' ಅಂತ ಹುಡುಕಿದರೆ ಆ ಪತ್ರ ಸಿಗುವುದೇ ಇಲ್ಲ. ಮತ್ತೆ ಮತ್ತೆ ಬೇಕಾಗುವ ಪತ್ರಗಳನ್ನು ಯೂನಿಕೋಡ್‌ಗೆ ಬದಲಿಸಿ ಹಾಕಿ, ಅದಕ್ಕೆ ಪರಿವರ್ತಕಗಳು ಸಿಗುತ್ತವೆ. ಬದಲಿಸಿದ ಮೇಲೆ ಒತ್ತಕ್ಷರಗಳನ್ನು ಕಣ್ಣಾರೆ ಒಮ್ಮೆ ಓದಿ. ಉಳಿದವಕ್ಕೆ ಕನಿಷ್ಠ ಫೈಲಿನ ಹೆಸರಾದರೂ ಯೂನಿಕೋಡ್‌ನಲ್ಲಿ ಇರಲಿ. ಸ್ಕ್ಯಾನ್ ಮಾಡಿದ ಪಿಡಿಎಫ್‌ಗಳಿಗೂ ಇದೇ ಮಾತು. ಒಳಗಿರುವುದು ಫೋಟೋ ಆದ್ದರಿಂದ ಸಾಮಾನ್ಯವಾಗಿ ಹೆಸರಿನಿಂದಲೇ ಹುಡುಕಬೇಕಾಗುತ್ತದೆ.

ಹಂತ 6: ಲಿಂಕ್ ಕೊಡುವುದು

ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ಹಂತ ಇದು. ಫೈಲ್ ಆರಿಸಿ 'ಶೇರ್' ಒತ್ತಿದಾಗ ಒಂದು ಚಿಕ್ಕ ಪೆಟ್ಟಿಗೆ ತೆರೆಯುತ್ತದೆ. ಹೆಚ್ಚಿನವರು ಅದನ್ನು ಓದದೆ 'ಕಾಪಿ ಲಿಂಕ್' ಒತ್ತಿಬಿಡುತ್ತಾರೆ. ಒತ್ತುವ ಮೊದಲು ಗೇರ್ ಚಿತ್ರದ ಮೇಲೆ ಒತ್ತಿ, ಈ ಲಿಂಕ್ ಯಾರಿಗೆ ಕೆಲಸ ಮಾಡುತ್ತದೆ ಅಂತ ನೋಡಿ.

'ಎನಿಒನ್' ಅಂದರೆ ಲಿಂಕ್ ಸಿಕ್ಕಿದ ಯಾರೇ ಆಗಲಿ, ಲಾಗಿನ್ ಇಲ್ಲದೆ ತೆರೆಯಬಹುದು. ಅದನ್ನು ವಾಟ್ಸಾಪ್‌ನಲ್ಲಿ ಫಾರ್ವರ್ಡ್ ಮಾಡಿದರೆ ಅದು ಎಲ್ಲಿಗೆ ಹೋಯಿತು, ಯಾರು ತೆರೆದರು ಗೊತ್ತಾಗುವುದಿಲ್ಲ. ಕಂಪನಿಯ ಬ್ರೋಷರ್, ಫ್ಯಾಕ್ಟರಿಗೆ ಬರುವ ದಾರಿಯ ನಕ್ಷೆ ಇಂಥದ್ದಕ್ಕೆ ಪರವಾಗಿಲ್ಲ. ಪಾರ್ಟಿ ನಂಬಿ ಕೊಟ್ಟ ಡ್ರಾಯಿಂಗಿಗೆ ಬೇಡವೇ ಬೇಡ.

'ಪೀಪಲ್ ಇನ್ ಯುವರ್ ಆರ್ಗನೈಸೇಶನ್' ಅಂದರೆ ನಿಮ್ಮ ಕಂಪನಿಯ ಲಾಗಿನ್ ಇರುವ ಯಾರೇ ಆಗಲಿ. ಇದೂ ಕೆಲವೊಮ್ಮೆ ಜಾಸ್ತಿಯೇ. ಕೊಟೇಶನ್ ಲೈಬ್ರರಿ ನೋಡುವ ಅಧಿಕಾರ ಇಲ್ಲದವರಿಗೂ ಈ ಲಿಂಕ್ ಸಿಕ್ಕರೆ ಆ ಫೈಲ್ ತೆರೆದುಕೊಳ್ಳುತ್ತದೆ. ಲೈಬ್ರರಿಗೆ ಹಾಕಿದ ಬೀಗವನ್ನು ಲಿಂಕ್ ಆ ಒಂದು ಫೈಲಿನ ಮಟ್ಟಿಗೆ ತೆಗೆದುಬಿಡುತ್ತದೆ.

ಆಫೀಸಿನೊಳಗೆ ದಿನನಿತ್ಯ ಬಳಸಬೇಕಾದ್ದು 'ಪೀಪಲ್ ವಿತ್ ಎಕ್ಸಿಸ್ಟಿಂಗ್ ಆಕ್ಸೆಸ್'. ಇದು ಹೊಸದಾಗಿ ಯಾರಿಗೂ ಅಧಿಕಾರ ಕೊಡುವುದಿಲ್ಲ. ಈಗಾಗಲೇ ನೋಡಬಲ್ಲವರಿಗೆ ಫೈಲ್ ಇಲ್ಲಿದೆ ಅಂತ ತೋರಿಸುತ್ತದೆ, ಅಷ್ಟೇ. ಎಷ್ಟು ಸಲ ಕಳಿಸಿದರೂ ಅಪಾಯ ಇಲ್ಲ.

ಹೊರಗಿನ ವೆಂಡರ್‌ಗೆ ಕೊಡುವಾಗ ಹೆಸರು ಹಾಕಿ ಕೊಡುವ ಆಯ್ಕೆ ಇದೆ: 'ಪೀಪಲ್ ಯೂ ಚೂಸ್'. ವೆಂಡರ್‌ನ ಇಮೇಲ್ ಬರೆಯಿರಿ, 'ಕ್ಯಾನ್ ವ್ಯೂ' ಇಡಿ. ಅವರಿಗೆ ಮೈಕ್ರೋಸಾಫ್ಟ್ ಅಕೌಂಟ್ ಇಲ್ಲದಿದ್ದರೂ ಸಾಮಾನ್ಯವಾಗಿ ಇಮೇಲ್‌ಗೆ ಬರುವ ಕೋಡ್ ಹಾಕಿ ತೆರೆಯಬಹುದು. ಲಿಂಕ್ ಬೇರೆಯವರಿಗೆ ಹೋದರೂ ಕೆಲಸ ಮಾಡುವುದಿಲ್ಲ. ಡ್ರಾಯಿಂಗ್ ಬದಲಾದಾಗ ಮತ್ತೆ ಕಳಿಸುವ ಕೆಲಸ ಇಲ್ಲ, ಅದೇ ಲಿಂಕ್ ಹೊಸ ರಿವಿಷನ್ ತೋರಿಸುತ್ತದೆ. ಹಾಗಂತ ಸುಮ್ಮನಿರಬೇಡಿ. ಅಳತೆ ಬದಲಾಗಿದೆ ಅಂತ ಫೋನ್ ಮಾಡಿ ಹೇಳಿ, ಅವರು ಮೊದಲೇ ಪ್ರಿಂಟ್ ತೆಗೆದಿಟ್ಟಿರಬಹುದು.

ಕೆಲಸ ಮುಗಿದ ಮೇಲೆ ಲಿಂಕ್ ಮುಚ್ಚಬೇಕು. ಫೈಲಿನ ಮೂರು ಚುಕ್ಕಿ ಒತ್ತಿ 'ಮ್ಯಾನೇಜ್ ಆಕ್ಸೆಸ್' ತೆರೆದರೆ ಯಾರ್ಯಾರಿಗೆ ಯಾವ ಲಿಂಕ್ ಕೊಟ್ಟಿದೆ ಎಲ್ಲ ಕಾಣುತ್ತದೆ. ಬೇಡದ್ದನ್ನು ಅಲ್ಲೇ ಅಳಿಸಿ. ನಿಮ್ಮಲ್ಲಿ ಅಡ್ಮಿನ್ ಇದ್ದರೆ ಅವರಿಗೆ ಒಂದು ಕೋರಿಕೆ ಇಡಿ: ಶೇರ್ ಒತ್ತಿದಾಗ ಮೊದಲು ಬರುವ ಆಯ್ಕೆಯನ್ನೇ ಬದಲಿಸಿ, 'ಎನಿಒನ್' ಲಿಂಕ್ ಬೇಕಿದ್ದರೆ ಅದಕ್ಕೆ ಮುಕ್ತಾಯದ ತಾರೀಖು ಕಡ್ಡಾಯ ಮಾಡಿ ಅಂತ. ಐದು ನಿಮಿಷದ ಕೆಲಸ. ಅವಸರದಲ್ಲಿರುವವರು ಓದದೆ ಒತ್ತಿದರೂ ಆಮೇಲೆ ತೊಂದರೆ ಆಗುವುದಿಲ್ಲ.

ಹಂತ 7: ತಿದ್ದುವುದು, ಬದಲಿಸುವುದು

ವರ್ಡ್, ಎಕ್ಸೆಲ್ ಫೈಲನ್ನು ಇಬ್ಬರು ಮೂವರು ಒಂದೇ ಸಮಯಕ್ಕೆ ತೆರೆದು ತಿದ್ದಬಹುದು. ಹಳೇ ಡಾಟ್ ಎಕ್ಸ್‌ಎಲ್‌ಎಸ್, ಡಾಟ್ ಡಿಒಸಿ ಫೈಲುಗಳಲ್ಲಿ ಇದು ಆಗುವುದಿಲ್ಲ, ಹೊಸ ಮಾದರಿಗೆ ಬದಲಿಸಿಕೊಳ್ಳಿ. ಟೈಪ್ ಮಾಡಿದ್ದು ತಾನಾಗೇ ಸೇವ್ ಆಗುತ್ತಿರುತ್ತದೆ. ಇದು ಒಳ್ಳೆಯದೇ. ಆದರೆ ಕೊಟೇಶನ್ ಮಾದರಿಯ ಫೈಲ್ ತೆರೆದು ನೇರವಾಗಿ ಟೈಪ್ ಮಾಡಲು ಶುರು ಮಾಡಿದರೆ ಮಾದರಿಯೇ ಬದಲಾಗಿಹೋಗುತ್ತದೆ. ಮೊದಲು 'ಸೇವ್ ಎ ಕಾಪಿ' ಮಾಡಿ ಹೊಸ ಹೆಸರು ಕೊಡಿ, ಆಮೇಲೆ ಟೈಪ್ ಮಾಡಿ.

ಕ್ಯಾಡ್ ಫೈಲುಗಳನ್ನು (ಕಂಪ್ಯೂಟರಿನಲ್ಲಿ ಬಿಡಿಸಿದ ಡ್ರಾಯಿಂಗಿನ ಮೂಲ ಫೈಲುಗಳು) ಹೀಗೆ ಒಟ್ಟಿಗೆ ತಿದ್ದಲಾಗುವುದಿಲ್ಲ. ಅವಕ್ಕೆ 'ಚೆಕ್ ಔಟ್' ಇದೆ. ಮೂರು ಚುಕ್ಕಿ, 'ಮೋರ್', 'ಚೆಕ್ ಔಟ್'. ನೀವು ತಿದ್ದುತ್ತಿರುವಷ್ಟು ಹೊತ್ತು ಬೇರೆಯವರು ಓದಬಹುದು, ತಿದ್ದಲಾಗದು. ಮುಗಿದ ಕೂಡಲೇ 'ಚೆಕ್ ಇನ್' ಮಾಡಿ. ಚೆಕ್ ಔಟ್ ಮಾಡಿಟ್ಟು ಒಂದು ವಾರ ಊರಿಗೆ ಹೋದರೆ ಉಳಿದವರು ಕಾಯುತ್ತಾ ಕೂರಬೇಕಾಗುತ್ತದೆ.

ಡ್ರಾಯಿಂಗಿನ ಹೊಸ ಪಿಡಿಎಫ್ ಬಂದಾಗ ಏನು ಮಾಡಬೇಕು? ಹಳೆಯದನ್ನು ಡಿಲೀಟ್ ಮಾಡಿ ಹೊಸದನ್ನು ಹಾಕುವುದು ಎಲ್ಲರಿಗೂ ತೋಚುವ ದಾರಿ. ಅದು ತಪ್ಪು ದಾರಿ. ಹಳೇ ಲಿಂಕ್‌ಗಳೆಲ್ಲ ಸತ್ತುಹೋಗುತ್ತವೆ, ಹಿಂದಿನ ಚರಿತ್ರೆಯೂ ಹೋಗುತ್ತದೆ. ಹೊಸ ಫೈಲಿಗೂ ಅದೇ ಹೆಸರಿಟ್ಟು ಅಪ್‌ಲೋಡ್ ಮಾಡಿ. ಈ ಹೆಸರಿನದು ಈಗಾಗಲೇ ಇದೆ ಅಂತ ಕೇಳಿದಾಗ 'ರಿಪ್ಲೇಸ್' ಒತ್ತಿ. ಹಳೆಯದು ಒಳಗೆ ಹಿಂದಿನ ವರ್ಷನ್ ಆಗಿ ಉಳಿಯುತ್ತದೆ. ಆಮೇಲೆ 'ರಿವಿಷನ್' ಕಾಲಂನಲ್ಲಿ ಎ ಇದ್ದದ್ದನ್ನು ಬಿ ಮಾಡಿ. ರಿವಿಷನ್ ಅಕ್ಷರವನ್ನು ಫೈಲಿನ ಹೆಸರಿನಲ್ಲಿ ಹಾಕಬೇಡಿ ಅಂತ ಹೇಳುವುದು ಇದೇ ಕಾರಣಕ್ಕೆ.

ಹಳೆಯದು ಬೇಕಾದರೆ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ 'ವರ್ಷನ್ ಹಿಸ್ಟರಿ' ತೆರೆಯಿರಿ. ಯಾರು, ಯಾವ ದಿನ, ಎಷ್ಟು ಗಂಟೆಗೆ ಬದಲಿಸಿದರು ಎಲ್ಲ ಇರುತ್ತದೆ. ಬೇಕಾದದ್ದರ ಮೇಲೆ 'ರಿಸ್ಟೋರ್' ಒತ್ತಿದರೆ ಅದು ಮತ್ತೆ ಮೇಲೆ ಬರುತ್ತದೆ, ನಡುವಿನದ್ದು ಯಾವುದೂ ಅಳಿಯುವುದಿಲ್ಲ. ಸಾಮಾನ್ಯವಾಗಿ ಹೊಸ ಲೈಬ್ರರಿಗಳಲ್ಲಿ 500 ವರ್ಷನ್‌ವರೆಗೆ ಉಳಿಯುವ ಸೆಟ್ಟಿಂಗ್ ಇರುತ್ತದೆ. ನಮ್ಮ ಮಶೀನ್ ಶಾಪಿನಂಥ ಆಫೀಸಿಗೆ ಇದು ಧಾರಾಳವಾಯಿತು.

ಹಂತ 8: ಸಿಂಕ್ ಮಾಡುವಾಗ ಎಚ್ಚರ

ಪ್ರತಿ ಸಲ ಬ್ರೌಸರ್ ತೆರೆಯಲು ಬೇಜಾರು ಅನ್ನುವವರಿಗೆ 'ಆ್ಯಡ್ ಶಾರ್ಟ್‌ಕಟ್ ಟು ಒನ್‌ಡ್ರೈವ್' ಇದೆ. ಒತ್ತಿದರೆ ಲೈಬ್ರರಿ ನಿಮ್ಮ ಕಂಪ್ಯೂಟರಿನ ಫೈಲ್ ಎಕ್ಸ್‌ಪ್ಲೋರರ್‌ನಲ್ಲೇ ಕಾಣುತ್ತದೆ. ತುಂಬಾ ಅನುಕೂಲ.

ಆದರೆ ದಯವಿಟ್ಟು ಇದನ್ನು ನೆನಪಿಡಿ, ಆಫೀಸಿನಲ್ಲಿ ಎಲ್ಲರಿಗೂ ಹೇಳಿ. ಅಲ್ಲಿ ಕಾಣುವ ಫೋಲ್ಡರ್ ನಿಮ್ಮ ಸ್ವಂತ ಪ್ರತಿ ಅಲ್ಲ, ಅದು ಲೈಬ್ರರಿಯ ಬಾಗಿಲು. ಡಿಸ್ಕ್ ತುಂಬಿತು ಅಂತ ಅದರೊಳಗಿನ ಫೈಲ್ ಡಿಲೀಟ್ ಮಾಡಿದರೆ ಎಲ್ಲರಿಗೂ ಡಿಲೀಟ್ ಆಗುತ್ತದೆ. ಡೆಸ್ಕ್‌ಟಾಪ್‌ಗೆ ಎಳೆದರೆ ಲೈಬ್ರರಿಯಿಂದಲೇ ಹೊರಗೆ ಬರುತ್ತದೆ. ಜಾಗ ಬೇಕಾದರೆ ರೈಟ್ ಕ್ಲಿಕ್ ಮಾಡಿ 'ಫ್ರೀ ಅಪ್ ಸ್ಪೇಸ್' ಒತ್ತಿ. ಫೈಲಿನ ಪಕ್ಕ ನೀಲಿ ಮೋಡದ ಚಿತ್ರ ಬರುತ್ತದೆ. ಅಂದರೆ ಫೈಲ್ ಇಂಟರ್‌ನೆಟ್‌ನಲ್ಲಿದೆ, ನಿಮ್ಮ ಡಿಸ್ಕ್‌ನಲ್ಲಿ ಜಾಗ ತಿನ್ನುತ್ತಿಲ್ಲ. ಕರೆಂಟ್, ನೆಟ್ ಹೋದಾಗಲೂ ಬೇಕೇ ಬೇಕು ಅನ್ನುವ ಫೈಲಿಗೆ 'ಆಲ್ವೇಸ್ ಕೀಪ್ ಆನ್ ದಿಸ್ ಡಿವೈಸ್' ಒತ್ತಿ, ಹಸಿರು ಗುರುತು ಬರುತ್ತದೆ. ಶಾರ್ಟ್‌ಕಟ್ಟೇ ಬೇಡವಾದರೆ ಒನ್‌ಡ್ರೈವ್‌ನಲ್ಲಿ 'ರಿಮೂವ್ ಶಾರ್ಟ್‌ಕಟ್' ಆರಿಸಿ.

ಹಂತ 9: ಅಳಿಸಿಹೋದರೆ

ಅಕೌಂಟ್ಸ್‌ನಲ್ಲಿ ಹೊಸದಾಗಿ ಸೇರಿದವರೊಬ್ಬರು ಒಂದು ಫೋಲ್ಡರ್ ಅಳಿಸಿಬಿಟ್ಟರು ಅಂದುಕೊಳ್ಳಿ. ಹೆದರಿ ಯಾರಿಗೂ ಹೇಳದೆ ಸುಮ್ಮನಾಗುವುದೇ ದೊಡ್ಡ ನಷ್ಟ. ಕೂಡಲೇ ಹೇಳಿದರೆ ಎರಡು ನಿಮಿಷದಲ್ಲಿ ವಾಪಸ್ ಬರುತ್ತದೆ ಅನ್ನುವುದನ್ನು ಸೇರಿದ ಮೊದಲ ದಿನವೇ ತೋರಿಸಿಕೊಡಿ. ಒಂದು ಬೇಡದ ಫೈಲ್ ಹಾಕಿ, ಅಳಿಸಿ, ಮರಳಿ ತನ್ನಿ. ಅವರ ಕೈಯಿಂದಲೇ ಮಾಡಿಸಿ.

ಸೈಟಿನ ಎಡಗಡೆ 'ರೀಸೈಕಲ್ ಬಿನ್' ಇರುತ್ತದೆ. ಫೈಲ್ ಆರಿಸಿ 'ರಿಸ್ಟೋರ್' ಒತ್ತಿದರೆ ಇದ್ದ ಜಾಗಕ್ಕೇ ಹೋಗುತ್ತದೆ. ಅಲ್ಲೂ ಅಳಿಸಿದ್ದರೆ ಕೆಳಗೆ ಎರಡನೇ ರೀಸೈಕಲ್ ಬಿನ್ ಇದೆ, ಅದನ್ನು ಸೈಟಿನ ಅಡ್ಮಿನ್ ತೆರೆಯಬಹುದು. ಎರಡೂ ಸೇರಿ ಅಳಿಸಿದ ದಿನದಿಂದ ಒಟ್ಟು 93 ದಿನ.

ವೈರಸ್ ಬಂದು ನೂರಾರು ಫೈಲುಗಳು ಒಂದೇ ಸಲ ಹಾಳಾದರೆ ಒಂದೊಂದೇ ಸರಿ ಮಾಡುತ್ತಾ ಕೂರಬೇಕಿಲ್ಲ. ಗೇರ್ ಚಿತ್ರದಲ್ಲಿ 'ರಿಸ್ಟೋರ್ ದಿಸ್ ಲೈಬ್ರರಿ' ಇದೆ. ಕಳೆದ 30 ದಿನಗಳಲ್ಲಿ ಯಾವ ಹೊತ್ತಿಗೆ ಬೇಕೋ ಆ ಹೊತ್ತಿಗೆ ಇಡೀ ಲೈಬ್ರರಿಯನ್ನು ಹಿಂದಕ್ಕೆ ಒಯ್ಯಬಹುದು. ಆ ಹೊತ್ತಿನ ನಂತರ ಮಾಡಿದ ಒಳ್ಳೆಯ ಬದಲಾವಣೆಗಳೂ ಹಿಂದಕ್ಕೆ ಹೋಗುತ್ತವೆ. ಆದ್ದರಿಂದ ಸಮಯವನ್ನು ಯೋಚಿಸಿ ಆರಿಸಿ.

ಹಂತ 10: ಆಗಾಗ ಮಾಡಬೇಕಾದ್ದು

ಜಾಗದ ಲೆಕ್ಕ ಸುಲಭ. ಇಡೀ ಕಂಪನಿಗೆ 1 ಟಿಬಿ, ಅದರ ಮೇಲೆ ಲೈಸೆನ್ಸ್ ಇರುವ ಒಬ್ಬೊಬ್ಬರಿಗೂ 10 ಜಿಬಿ. ಹಿಂದಿನ ವರ್ಷನ್‌ಗಳೂ ಜಾಗ ತಿನ್ನುತ್ತವೆ ಅನ್ನುವುದು ಗಮನದಲ್ಲಿರಲಿ. ದೊಡ್ಡ ವಿಡಿಯೋಗಳನ್ನು ಮತ್ತೆ ಮತ್ತೆ ರಿಪ್ಲೇಸ್ ಮಾಡಿದರೆ ಬೇಗ ತುಂಬುತ್ತದೆ.

ಹಳೆಯದನ್ನು ಅಳಿಸುವ ಮೊದಲು ನಿಮ್ಮ ಆಡಿಟರ್‌ರನ್ನು ಕೇಳಿ. 2013ರ ಕಂಪನಿ ಕಾಯ್ದೆಯ ಪ್ರಕಾರ ಕಂಪನಿಗಳು ಲೆಕ್ಕಪುಸ್ತಕಗಳನ್ನು ಕನಿಷ್ಠ 8 ಆರ್ಥಿಕ ವರ್ಷ ಇಟ್ಟುಕೊಳ್ಳಬೇಕು. ಜಿಎಸ್‌ಟಿ ದಾಖಲೆಗಳನ್ನು ಆ ವರ್ಷದ ವಾರ್ಷಿಕ ರಿಟರ್ನ್ ಕೊಡುವ ಕೊನೆಯ ದಿನದಿಂದ 72 ತಿಂಗಳು ಇಡಬೇಕು. ಹಾಗಾಗಿ ವರ್ಷದ ಲೆಕ್ಕ ಮುಗಿದ ಮೇಲೆ ಆ ಫೋಲ್ಡರನ್ನು ಅಳಿಸದೆ, ಎಲ್ಲರಿಗೂ ಓದಲು ಮಾತ್ರ ಬರುವಂತೆ ಮಾಡಿಡಿ.

ಹೊಸ ಫೈಲ್ ಬಂದಾಗ ತಿಳಿಯಬೇಕಾದರೆ 'ಆಟೋಮೇಟ್' ಮೆನುವಿನಲ್ಲಿ 'ರೂಲ್ಸ್' ಇದೆ. ಡ್ರಾಯಿಂಗ್ ಲೈಬ್ರರಿಗೆ ಹೊಸ ಫೈಲ್ ಸೇರಿದರೆ ಅಥವಾ 'ಸ್ಥಿತಿ' ಬದಲಾದರೆ ಸೂಪರ್‌ವೈಸರ್‌ಗೆ ಮೇಲ್ ಹೋಗುವಂತೆ ಮಾಡಿ.

ಯಾರಾದರೂ ಕೆಲಸ ಬಿಡುವಾಗ ಅವರ ಕೊನೆಯ ವಾರದಲ್ಲೇ ಜೊತೆಗೆ ಕೂತು ಒನ್‌ಡ್ರೈವ್ ನೋಡಿ, ಆಫೀಸಿಗೆ ಬೇಕಾದದ್ದನ್ನು ಲೈಬ್ರರಿಗೆ ಮೂವ್ ಮಾಡಿಸಿ. ಅವರು ಚೆಕ್ ಔಟ್ ಮಾಡಿಟ್ಟ ಫೈಲ್ ಇದ್ದರೆ ಚೆಕ್ ಇನ್ ಮಾಡಿಸಿ. ಅವರು ಹೊರಗಿನವರಿಗೆ ಕೊಟ್ಟ ಲಿಂಕ್‌ಗಳನ್ನು ನೋಡಿ. ಸೈಟಿನ ಓನರ್ ಒಬ್ಬರೇ ಇದ್ದರೆ, ಮತ್ತು ಬಿಡುತ್ತಿರುವುದು ಅವರೇ ಆಗಿದ್ದರೆ, ಅವರ ಅಕೌಂಟ್ ತೆಗೆಯುವ ಮೊದಲು ಇನ್ನಿಬ್ಬರನ್ನು ಓನರ್ಸ್ ಗುಂಪಿಗೆ ಸೇರಿಸಿ, ಆ ಇಬ್ಬರೂ ತಮ್ಮ ಲಾಗಿನ್‌ನಿಂದ ಸೆಟ್ಟಿಂಗ್ಸ್ ಪುಟ ತೆರೆಯಬಲ್ಲರು ಅಂತ ಖಾತ್ರಿ ಮಾಡಿಕೊಳ್ಳಿ.